ನಗುವ ಮಾಸ್ಕಿಗೆ ಮಾತ್ರ ಪ್ರವೇಶ

ಪಾರ್ಕಿನ ಗೇಟು ನಗುವ ಮಾಸ್ಕ್ ಹಾಕಿದವರಿಗಷ್ಟೇ ತೆರೆಯುತ್ತದೆ. ಊರಿನ ಗೇಟುಗಳೆಲ್ಲ ಈಗ ಹಾಗೆಯೇ. ಬ್ಯಾಂಕಿಗೆ ಗಂಭೀರ ಮುಖದ ಮಾಸ್ಕ್ ಬೇಕು, ಸ್ಮಶಾನಕ್ಕೆ ಅಳುಮುಖದ್ದು.

ನನ್ನ ಮಗಳು ಹಂಸಿನಿಗೆ ಆಟಿಸಂ ಇದೆ. ಮುಖಕ್ಕೆ ಪ್ಲಾಸ್ಟಿಕ್ ತಗುಲಿದರೆ ಸುಟ್ಟುಕೊಂಡವಳಂತೆ ಚೀರುತ್ತಾಳೆ. ಅದಕ್ಕೇ ಅವಳ ಹಳೆಯ ಲಂಗದ ಬಟ್ಟೆಯಲ್ಲಿ ಮಾಸ್ಕ್ ಹೊಲಿದು, ಮೊದಲು ಗೊಂಬೆಗೆ, ಆಮೇಲೆ ನನಗೆ, ಕೊನೆಗೆ ಅವಳಿಗೇ ಹಾಕಿ ತಿಂಗಳುಗಟ್ಟಲೆ ರೂಢಿ ಮಾಡಿಸಿದ್ದೆ.

"ಇದ್ರಲ್ಲಿ ನಗು ಇಲ್ವಲ್ಲ ಮೇಡಂ," ಎಂದು ಗೇಟಿನವನು ಹೊಳೆಯುವ ಪ್ಲಾಸ್ಟಿಕ್ ಮಾಸ್ಕ್ ಚಾಚಿದ.

"ಅವಳಿಗೆ ಪ್ಲಾಸ್ಟಿಕ್ ಆಗಲ್ಲ ಅಂತ ಫೋನಲ್ಲೇ ಹೇಳಿದ್ದೆ. ಪರವಾಗಿಲ್ಲ, ಬಟ್ಟೆದೇ ಹಾಕಿ ಕರ್ಕೊಂಡು ಬನ್ನಿ ಅಂದ್ರಲ್ಲ!"

"ರೂಲ್ಸು ಮೇಡಂ. ಇಂಥ ಮಕ್ಳಿಗೆ ಹೆಂಗೂ ಮುಖ ಓದೋಕೆ ಬರಲ್ಲ. ಯಾವ್ದು ಹಾಕಿದ್ರೇನು?"

ಮೈಯೆಲ್ಲ ಉರಿದುಹೋಯಿತು. ನನ್ನ ಮಾಸ್ಕ್ ಮಾತ್ರ ಹಲ್ಲು ಕಿರಿಯುತ್ತಲೇ ಇತ್ತು. ಹಿಂದೆ ಸಾಲಿನಲ್ಲಿದ್ದವರು ನಗುನಗುತ್ತಲೇ ಗೊಣಗಿದರು.

ಹಂಸಿನಿ ನನ್ನ ಮುಖ ನೋಡಲಿಲ್ಲ, ಅವಳು ನೋಡುವುದೇ ಕಡಿಮೆ. ನಡುಗುತ್ತಿದ್ದ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು ಅವನಿಗೆ ಹೇಳಿದಳು: "ಅಮ್ಮಂಗೆ ಸಿಟ್ಟು ಬಂದಿದೆ."

"ಎಲ್ಲಿ ಪುಟ್ಟ? ಅಮ್ಮ ನಗ್ತಾ ಇದಾರಲ್ಲ!"

ನಾನು ಮಾಸ್ಕ್ ಕಿತ್ತು ಅವನ ಮುಂದೆ ಬಿಸಾಡಿದೆ.

"ಈಗ ಓದು," ಎಂದೆ.