ಗುರುಪಾದಪ್ಪನ ಭಜಿಯ ಗುಂಯ್

ಬಿಸಿ ಪದಾರ್ಥದೊಳಗೆ ಅಣುಗಳು ಕುಣಿದಾಡುವ ಸದ್ದು ಎಲ್ಲರ ಕಿವಿಗೂ ಕೇಳತೊಡಗಿದ ಮೇಲೆ, ಧಾರವಾಡದಲ್ಲಿ ಭಜಿಯನ್ನು ಮುಟ್ಟಿ ನೋಡಿ ಕೊಳ್ಳುವವರೇ ಇಲ್ಲ. ತಟ್ಟೆಗೆ ಕಿವಿ ಕೊಡುತ್ತಾರೆ. ಬಿಸಿಯದು ಜೇನುಹುಳದಂತೆ ಗುಂಯ್‌ಗುಡುತ್ತದೆ, ಆರಿದ್ದು ತೆಪ್ಪಗಿರುತ್ತದೆ.

ಅಂದು ಸಂಜೆ ಗುರುಪಾದಪ್ಪನ ಅಂಗಡಿಯಲ್ಲಿ ಗ್ಯಾಸ್ ಮುಗಿದು, ಒಂದು ತಟ್ಟೆ ಮಿರ್ಚಿ ಭಜಿ ಮೌನವ್ರತ ಹಿಡಿದು ಕೂತಿತ್ತು. ಅಷ್ಟರಲ್ಲೇ ನೀಲಗಂಗಮ್ಮ ಬರಬೇಕೇ! ಆಕೆ ಮೂಗು ಮುರಿದರೆ ಇಡೀ ಓಣಿಯೇ ಆ ಅಂಗಡಿಯ ಕಡೆ ಸುಳಿಯುತ್ತಿರಲಿಲ್ಲ.

"ಬಿಸಿ ಅದಾವೇನಪಾ?"

"ನೀವ ಕೇಳ್ರಿ ಅಕ್ಕಾರ," ಎಂದವನೇ ಗುರುಪಾದಪ್ಪ ಏನೋ ಹುಡುಕುವವನಂತೆ ತಟ್ಟೆಯ ಹಿಂದೆ ಬಗ್ಗಿ, ತುಟಿ ಬಿಗಿದು, ಮೂಗಿನಲ್ಲೇ ಗುಂಯ್ ಎನ್ನತೊಡಗಿದ.

ನೀಲಗಂಗಮ್ಮ ಸೆರಗು ಸರಿಸಿ ಕಿವಿ ಕೊಟ್ಟಳು, ತಲೆದೂಗಿದಳು. ಅವನಿಗೆ ಹುರುಪು ಬಂದು ಇನ್ನಷ್ಟು ಎಳೆದ. ಆಕೆ ಕಿವಿ ತೆಗೆಯಲೇ ಇಲ್ಲ. ಅವನ ಮುಖ ಕೆಂಪಾಯಿತು, ಕಣ್ಣು ಮೇಲಾದವು, ಕಡೆಗೆ ತಡೆಯಲಾರದೆ ಭರ್ರನೆ ಉಸಿರೆಳೆದುಕೊಂಡ.

"ಭಾಳ ಛಲೋ ಅದಾವು," ಎಂದಳು ನೀಲಗಂಗಮ್ಮ. "ಆದ್ರ ನಡುವ ನಿಂತು ಉಸುರು ತಗೊಳ್ಳೂ ಭಜಿ ನಾ ಇವತ್ತ ಕಂಡೆ ನೋಡು. ಪಾಪ, ಮೊದಲ ಅದಕ್ಕ ಒಂದೀಟ ನೀರ ಕುಡಸಪಾ."