ಬೋಳುತಲೆಯ ಬೆನ್ನು ಹತ್ತಿ

ಬೋಳುತಲೆ ಇನ್ನೂ ಐವತ್ತು ಮಾರು ಮುಂದಿತ್ತು. ಶಿವಸ್ವಾಮಿ ಹಲ್ಲು ಕಚ್ಚಿ ಓಡಿದ.

ನಂಜನಗೂಡಿನ ಕಪಿಲಾ ದಂಡೆಯ ಮೇಲೆ ವರ್ಷಕ್ಕೊಮ್ಮೆ ನಡೆಯುವ ಮೋಜಿನ ಓಟ ಅದು. ಓಡಿದವರಿಗೆಲ್ಲ ಟೀ ಶರ್ಟು, ಉಪ್ಪಿಟ್ಟು. ಮೊದಲು ಸೇತುವೆ ಮುಟ್ಟಿದವರಿಗೆ ಮಾತ್ರ ಪದಕ. ಸೋಸಲೆಯಿಂದ ಬಂದ ಶಿವಸ್ವಾಮಿಗೆ ಇದರಲ್ಲಿ ಮೋಜೇನೂ ಇರಲಿಲ್ಲ. ತಾನು ಪದಕ ತರದಿದ್ದರೆ ಮುಂದಿನ ಓಟದವರೆಗೆ ಮನೆಯ ಪಾತ್ರೆಯೆಲ್ಲ ತಾನೇ ತೊಳೆಯುವುದೆಂದು ಹೆಂಡತಿಯ ಮುಂದೆ ಮೀಸೆ ತಿರುವಿ ಪಂಥ ಕಟ್ಟಿದ್ದ. ಆ ಮನೆಯಲ್ಲೋ ದಿನಾ ಮುದ್ದೆ. ಮುದ್ದೆ ಪಾತ್ರೆ ತಿಕ್ಕಿದವರಿಗೇ ಗೊತ್ತು ಅದರ ಕಷ್ಟ.

ಮೂರು ವರ್ಷದಿಂದ ಪದಕ ಹೊಡೆಯುತ್ತಿದ್ದವನು ಈ ಊರಿನ ರಾಜೇಂದ್ರ. ಶಿವಸ್ವಾಮಿ ಅವನ ಮುಖ ಕಂಡವನಲ್ಲ. ಮೂರು ವರ್ಷವೂ ಕಂಡಿದ್ದು ಬೆನ್ನು ಮಾತ್ರ.

ಬೆಳಿಗ್ಗೆ ಹೆಂಡತಿ ವನಜಾಕ್ಷಿಯೇ ಗುರುತು ಹೇಳಿದ್ದಳು. ಅವಳ ತವರು ಇದೇ ನಂಜನಗೂಡು.

“ರಾಜೇಂದ್ರ ನಂಜುಂಡಪ್ಪನಿಗೆ ಮುಡಿ ಕೊಟ್ಟವ್ನಂತೆ ಕಣ್ರೀ. ಬೋಳುತಲೆ, ಮೇಲೆ ಗಂಧ. ಅವನನ್ನ ಮಾತ್ರ ಬುಡಬೇಡಿ.”

“ನೀನು?”

“ನನ್ನ ಚಿಂತೆ ಬುಡಿ. ಉಪ್ಪಿಟ್ಟು ತಿನ್ನಕ್ಕೆ ಬಂದಿವ್ನಿ.”

ಎಂಥ ಹೆಂಡತಿ! ಶಿವಸ್ವಾಮಿಗೆ ಕಣ್ಣು ತುಂಬಿ ಬಂದಿತ್ತು.

ಸ್ನಾನಘಟ್ಟದ ಬಳಿ ಬೋಳುತಲೆ ಕಂಡೇಬಿಟ್ಟಿತ್ತು. ನೆತ್ತಿಯ ಮೇಲೆ ಹಸಿ ಗಂಧ. ಹೆಗಲಿಗೆ ಬ್ಯಾಗು, ಕಾಲಿಗೆ ಹವಾಯಿ ಚಪ್ಪಲಿ. ಗಳಿಗೆಗೊಮ್ಮೆ ವಾಚು ನೋಡಿಕೊಂಡು ಓಡುತ್ತಿದ್ದ. ಅಬ್ಬಾ ಕೊಬ್ಬೇ! ಬ್ಯಾಗು ಹೊತ್ತೂ ಗೆಲ್ಲುತ್ತೇನೆನ್ನುವ ಜಂಬ ಅವನಿಗೆ.

ಹಿಂದಿನ ನಲವತ್ತು ಮಂದಿ ಶಿವಸ್ವಾಮಿಯ ಬೆನ್ನು ನೋಡಿಕೊಂಡು ಓಡುತ್ತಿದ್ದರು. ಅವರೆಲ್ಲರ ಹಿಂದೆ ವನಜಾಕ್ಷಿ, ಸೀರೆಯ ಮೇಲೆ ಟೀ ಶರ್ಟು ತೊಟ್ಟು, ಕಂಡವರನ್ನೆಲ್ಲ ಮಾತಾಡಿಸಿಕೊಂಡು ನಡೆದು ಬರುತ್ತಿದ್ದಳು.

ತಿರುವಿನಲ್ಲಿ ಸುಣ್ಣದ ಬಾಣ ಬಲಕ್ಕೆ ತೋರಿಸುತ್ತಿತ್ತು. ಬೋಳುತಲೆ ಎಡಕ್ಕೆ ನುಗ್ಗಿತು. ಮೂರು ಸಲ ಗೆದ್ದವನಿಗೆ ದಾರಿ ಗೊತ್ತಿರುವುದಿಲ್ಲವೇ? ಒಳದಾರಿ ಹಿಡಿದ, ಕಳ್ಳ! ಶಿವಸ್ವಾಮಿಯೂ ಎಡಕ್ಕೆ ತಿರುಗಿದ. ನಲವತ್ತು ಮಂದಿಯೂ ತಿರುಗಿದರು.

ಬಸ್ ಸ್ಟ್ಯಾಂಡಿನಿಂದ ಹೊರಟಿದ್ದ ಬಸ್ಸಿಗೆ ಬೋಳುತಲೆ ಜಿಗಿಯಿತು. ಬಸ್ಸು ಹತ್ತಿ ಗೆಲ್ತಾನಾ ಬಡ್ಡೀಮಗ! ಶಿವಸ್ವಾಮಿಯೂ ಜಿಗಿದು ಬ್ಯಾಗು ಹಿಡಿದ.

“ಬುಡಲ್ಲ ಕಣೋ ರಾಜೇಂದ್ರ!”

“ಯಾವ ರಾಜೇಂದ್ರ ಸಾ? ನಾನು ಕೊಳ್ಳೇಗಾಲದ ಅಮೃತೇಶ. ಮುಡಿ ಕೊಟ್ಟು ಬಸ್ಸಿಗೆ ಓಡ್ತಿದ್ರೆ ನೀವ್ಯಾಕ್ ಸಾ ಅಟ್ಟಿಸ್ಕೊಂಡು ಬತ್ತೀರಿ?”

ಶಿವಸ್ವಾಮಿ ಬಸ್ಸಿನೊಳಗೆ ಕಣ್ಣಾಡಿಸಿದ. ಹದಿನೇಳು ಬೋಳುತಲೆ. ಎಲ್ಲದರ ಮೇಲೂ ಗಂಧ. ಹೊರಗೆ ನಲವತ್ತು ಮಂದಿ ಬಸ್ಸಿನ ಹಿಂದೆ ಓಡಿ ಬರುತ್ತಿದ್ದರು.

“ಪಾಪ, ನಮ್ಮ ವನಜಂಗೆ ಯಾರೋ ಸುಳ್ಳು ಯೋಳವ್ರೆ” ಎಂದು ಮರುಗುತ್ತಾ ಅವನು ಸೀಟಿನ ಮೇಲೆ ಕುಸಿದ.

ಅತ್ತ ಸೇತುವೆಯ ಬಳಿ, ಕಾಲಿಗೆ ಪಟ್ಟಿ ಸುತ್ತಿಕೊಂಡು ಈ ಸಲ ಓಡದೆ, ಗೆದ್ದವರಿಗೆ ಕೊಡಲು ಪದಕ ಹಿಡಿದು ನಿಂತಿದ್ದ ರಾಜೇಂದ್ರ ದಟ್ಟ ಕ್ರಾಪು ಬಾಚಿಕೊಂಡು ಮುಂದೆ ಬಂದ. ಸುಣ್ಣದ ಬಾಣದ ದಾರಿಯಲ್ಲೇ ಒಬ್ಬಳೇ ನಡೆದು ಬಂದ ವನಜಾಕ್ಷಿ ಪದಕಕ್ಕೆ ಕೊರಳೊಡ್ಡುತ್ತಾ ಕೇಳಿದಳು: “ಕಾಲು ಎಂಗದೆ ರಾಜೇಂದ್ರ? ನಿನ್ನೆ ನಾನು ತಂದ್ಕೊಟ್ಟ ಎಣ್ಣೆ ತಿಕ್ಕಿದ್ಯಾ?”