ಒಂದೇ ಹೆಸರಿನ ಎರಡು ಕಂಪ್ಯೂಟರ್

"ಸಹಿ ಹಾಕುವುದಿಲ್ಲ," ಎಂದಳು ಅರ್ಚಿತಾ, ಮತ್ತೊಮ್ಮೆ.

ಮ್ಯಾನೇಜರ್ ಜಶುಭಾಯಿ ವರದಿಯನ್ನು ಮೇಜಿನ ಮೇಲೆ ಕುಕ್ಕಿದರು. ಅದು ತೊಂಬತ್ತೆಂಟರ ಬೇಸಿಗೆ. ವಡೋದರಾದ ಗೋರ್ವಾ ಬಡಾವಣೆಯ ಆ ಕಾರ್ಖಾನೆ ಸೂರತ್‌ನ ಬಟ್ಟೆ ಗಿರಣಿಯೊಂದರ ಬಾಯ್ಲರಿಗೆ ಸೇಫ್ಟಿ ವಾಲ್ವ್ ಮಾಡಿತ್ತು. ಪರೀಕ್ಷೆಯಲ್ಲಿ ಅದು ತೆರೆದುಕೊಳ್ಳಲೇ ಇಲ್ಲ. ಪರೀಕ್ಷಿಸಿದ ಎಂಜಿನಿಯರ್ ಅರ್ಚಿತಾ.

"ನಿಮ್ಮ ಸಹಿ ಬೇಡ, ಅರ್ಚಿತಾಬೆನ್. ಕಂಪ್ಯೂಟರಿನಲ್ಲಿ ನಾನೇ 'ಪಾಸ್' ಮಾಡ್ತೀನಿ."

ಆಗಲಿಲ್ಲ. ಅಹಮದಾಬಾದ್, ವಡೋದರಾ, ಸೂರತ್ ಮೂರೂ ಕಚೇರಿಗಳ ಕಡತಗಳು ಒಂದೇ ಕಡೆ ಕಾಣುವ ಹೊಸ ವ್ಯವಸ್ಥೆ ಅದು. ಫಲಿತಾಂಶ ತಿದ್ದುವ ಅಧಿಕಾರ ಜಶುಭಾಯಿಯ ಕಂಪ್ಯೂಟರಿಗೆ ಮಾತ್ರ. ಅದರ ಪರದೆಯ ಮೇಲೋ ಒಂದೇ ಸಂದೇಶ: ಈ ಹೆಸರಿನ ಕಂಪ್ಯೂಟರ್ ನೆಟ್‌ವರ್ಕಿನಲ್ಲಿ ಆಗಲೇ ಇದೆ. ಅದೊಂದರಲ್ಲಿ ಕಡತಗಳು ತೆರೆಯಲೊಲ್ಲವು.

"ಇದು ನಿಮ್ಮದೇ ಕೆಲಸ!"

"ನಾನು ಮಾಡಿದ್ದರೆ ಎದುರಿಗೇ ಹೇಳ್ತಿದ್ದೆ."

ಅಹಮದಾಬಾದಿನಿಂದ ಹೃಷಿಕೇಶನನ್ನು ಕರೆಸಿದರು. ಧಾರವಾಡದವನು, ಮೂರೂ ಊರಿನ ನೆಟ್‌ವರ್ಕ್ ಅವನ ಹೊಣೆ. ಬಂದವನೇ ತನ್ನ ಲ್ಯಾಪ್‌ಟಾಪನ್ನು ನೆಟ್‌ವರ್ಕಿಗೆ ಜೋಡಿಸಿ, ಅದೇ ಹೆಸರಿನ ಇನ್ನೊಂದು ಕಂಪ್ಯೂಟರ್ ಯಾವುದೆಂದು ಒಂದೊಂದರ ಕೇಬಲ್ ಕಿತ್ತು ನೋಡತೊಡಗಿದ.

ತನ್ನ ಕೋಣೆಗೆ ಬಂದವನ ಮುಂದೆ ಅರ್ಚಿತಾ ವಾಲ್ವನ್ನೇ ಇಟ್ಟಳು. "ಇದು ತೆರೆಯದಿದ್ದರೆ ಬಾಯ್ಲರ್ ಸಿಡಿಯುತ್ತೆ. ಪಕ್ಕದಲ್ಲೇ ಜನ ಕೆಲಸ ಮಾಡ್ತಿರ್ತಾರೆ. ಗೊತ್ತಿದ್ದೂ ಇವರಿಗೆ ಸಹಾಯ ಮಾಡ್ತೀರಾ?"

"ನನ್ನ ಕೆಲಸ ನೆಟ್‌ವರ್ಕ್ ನೋಡೂದಷ್ಟ ರೀ, ಮೇಡಂ," ಎಂದ, ತಲೆಯೆತ್ತದೆ.

ಅವಳಿಗೆ ಹೇಸಿಗೆಯಾಯಿತು.

ಮಧ್ಯಾಹ್ನವಾದರೂ ಸಂದೇಶ ಹೋಗಲಿಲ್ಲ. "ನನ್ನ ಕಂಪ್ಯೂಟರಿನ ಹೆಸರನ್ನೇ ಬದಲಾಯಿಸಿಬಿಡಿ!" ಜಶುಭಾಯಿ ಕಿರುಚಿದರು.

"ಹೆಸರು ಹೋದರೆ ಅಧಿಕಾರವೂ ಹೋಗುತ್ತೆ, ಸರ್," ಎಂದ ಹೃಷಿಕೇಶ.

ಸಂಜೆ ಗಿರಣಿಯವರು ಸೂರತ್ ಕಚೇರಿಗೆ ಬಂದು ಕಡತ ತೆರೆಸಿದರು. 'ಫೇಲ್' ಎಂದೇ ಇತ್ತು. ಮಾಲು ಬೇಡವೆಂದು ಫೋನ್ ಬಂತು.

"ನಾಳೆಯಿಂದ ನೀವು ಬರಬೇಡಿ," ಎಂದರು ಜಶುಭಾಯಿ.

"ಬರೋಲ್ಲ," ಎಂದಳು ಅರ್ಚಿತಾ, ಕಣ್ಣಲ್ಲಿ ಕಣ್ಣಿಟ್ಟು. "ಆ ವಾಲ್ವೂ ಸೂರತ್‌ಗೆ ಹೋಗೋಲ್ಲ."

ಗೇಟಿನ ಬಳಿ ಹೃಷಿಕೇಶ ಆಟೋಗೆ ಕಾಯುತ್ತಿದ್ದ. ಅವಳಿಗೆ ತಡೆಯಲಾಗಲಿಲ್ಲ. "ಇಡೀ ದಿನ ಹುಡುಕಿದರೂ ಆ ಇನ್ನೊಂದು ಕಂಪ್ಯೂಟರ್ ಸಿಗಲಿಲ್ಲ, ಅಲ್ವಾ? ನನಗಂತೂ ಖುಷಿ."

"ಸಿಕ್ಕಿತ್ತಲ್ರೀ. ಗೋದಾಮಿನ ಹೊಸಾ ಕಂಪ್ಯೂಟರ್. ನಿಮ್ಮ ಖೋಲಿಗೆ ಬರೂಕಿಂತ ಮದಲ ಅದರ ಹೆಸರು ಬದಲಿ ಮಾಡಿದ್ದೆ."

"ಮತ್ತೆ ಆ ಸಂದೇಶ ಬರ್ತಾನೇ ಇತ್ತಲ್ಲ?"

"ನಿಮ್ಮ ಮಾತು ಕೇಳಿದ ಮ್ಯಾಲೆ, ಅದ ಹೆಸರು ನನ್ನ ಲ್ಯಾಪ್‌ಟಾಪಿಗೆ ಇಟ್ಟೆ."